ಓದುಗರ ಪ್ರಶ್ನೆ: ಅಂಟುವ ದೋಸೆ, ಪರೀಕ್ಷೆಯ ಭೇದಿ

ಪ್ರಶ್ನೆ: ಮನೆಯ ಬೆಣ್ಣೆ ದೋಸೆ ಕಾವಲಿಗೆ ಅಂಟುತ್ತದೆ, ಬಣ್ಣವೂ ಬರುವುದಿಲ್ಲ. ಯಾಕೆ? – ಓದುಗರು, ದಾವಣಗೆರೆ

ಉತ್ತರ: ಉದ್ದು ಜಾಸ್ತಿಯಾಗಿರಬೇಕು. 4 ಲೋಟ ದೋಸೆ ಅಕ್ಕಿಗೆ ಅರ್ಧ ಲೋಟ ಉದ್ದಿನಬೇಳೆ, 1 ಚಮಚ ಮೆಂತ್ಯ ಸಾಕು. ರುಬ್ಬುವಾಗ ನೆನೆಸಿದ ಮಂಡಕ್ಕಿ 1 ಲೋಟ ಸೇರಿಸಿ (ನಿಮ್ಮೂರಲ್ಲಿ ಮಂಡಕ್ಕಿಗೇನು ಬರ!). ಕಾವಲಿ ಅತಿಯಾಗಿ ಕಾದರೆ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಳ್ಳುತ್ತದೆ. ಪ್ರತಿ ಸಲ ನೀರು ಚಿಮುಕಿಸಿ ಒರೆಸಿ, ಆಮೇಲೆ ಹುಯ್ಯಿರಿ. ಬಣ್ಣಕ್ಕೆ ಹಿಟ್ಟಿಗೆ 1 ಚಮಚ ಸಕ್ಕರೆ. ಬೆಣ್ಣೆ ಹಾಕುವುದು ಮೇಲ್ಮೈಯ ಹಸಿ ಆರಿದ ಮೇಲೆ.

ಪ್ರಶ್ನೆ: ಪರೀಕ್ಷೆಯ ದಿನವೇ ಮಗನಿಗೆ ಭೇದಿ ಶುರುವಾದರೆ? – ಓದುಗರು, ಚಿತ್ರದುರ್ಗ

ಉತ್ತರ: ಓಆರ್‌ಎಸ್ ಪೊಟ್ಟಣವೇ ಉತ್ತಮ. ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟವಾಗಿ ಅಳೆದು. ಉಪ್ಪು ಹೆಚ್ಚಾದರೆ ಅಪಾಯ. ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಪರೀಕ್ಷೆ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ.