ತಳಿ ಆಯ್ಕೆ ಪ್ರಯೋಗದ ಮೀನುಗಳಿಗೆ ಅಷ್ಟೊಂದು ಆರೈಕೆ ಯಾಕೆ ಬೇಕು?

ಬೇಕಾದ ಗುಣವಿರುವ ಮೀನುಗಳನ್ನು ಆರಿಸಿ, ಅವುಗಳಿಂದಲೇ ಮುಂದಿನ ಪೀಳಿಗೆ ಪಡೆಯುವುದು ತಳಿ ಆಯ್ಕೆ. ಇದರಲ್ಲಿ ಆರೈಕೆ ಬೇಕೆನ್ನಲು ಮೀನಿಗೆ ನೋವಾಗದಿರಲಿ ಎಂಬುದು ಮೊದಲ ಕಾರಣ. ಆರೈಕೆ ಕೆಟ್ಟರೆ ಪ್ರಯೋಗವೂ ಕೆಡುತ್ತದೆ ಎಂಬುದು ಎರಡನೆಯದು.

ರೇನ್‌ಬೋ ಟ್ರೌಟ್ ಮೀನಿನ ತಲೆಭಾಗದಲ್ಲಿ ಗಾಯ, ಬಿಸಿ, ಆಮ್ಲಕ್ಕೆ ಸ್ಪಂದಿಸುವ ನರತುದಿಗಳಿವೆ ಎಂದು ಸಂಶೋಧಕರು 2003ರಲ್ಲೇ ತೋರಿಸಿದ್ದಾರೆ. ಹಾಗಾಗಿ ಡಿಎನ್‌ಎ ಪರೀಕ್ಷೆಗೆ ಬಾಲದ ರೆಕ್ಕೆಯ ಚೂರು ಕತ್ತರಿಸುವ ಮುಂಚೆ ನೀರಿಗೆ ಅರಿವಳಿಕೆ ಮದ್ದು ಬೆರೆಸುತ್ತಾರೆ. ರೆಕ್ಕೆ ಮತ್ತೆ ಬೆಳೆಯುತ್ತದೆ ನಿಜ, ಆದರೆ ಅದು ಸುಮ್ನೆ ಕತ್ತರಿಸಲು ನೆಪವಲ್ಲ.

ಎರಡನೆಯ ಕಾರಣ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ನೀವು ಬೇಗ ಬೆಳೆಯುವ ಮೀನನ್ನು ಆರಿಸುತ್ತಿದ್ದೀರಿ ಅಂದುಕೊಳ್ಳಿ. ತೊಟ್ಟಿಯಲ್ಲಿ ಮೀನು ಜಾಸ್ತಿ, ನೀರಲ್ಲಿ ಅಮೋನಿಯ ಏರಿದೆ. ಆಗ ಗೆಲ್ಲುವುದು ಬೇಗ ಬೆಳೆಯುವ ಮೀನಲ್ಲ, ಕೆಟ್ಟ ನೀರು ತಡೆದುಕೊಳ್ಳುವ ಮೀನು. ಅದರ ಮರಿಗಳೇ ಮುಂದಿನ ಪೀಳಿಗೆ ಅಲ್ವಾ? ನಿಮಗೇ ಗೊತ್ತಿಲ್ಲದೆ ಬೇರೆಯದೇ ಗುಣವನ್ನು ಆರಿಸಿಬಿಟ್ಟಿರುತ್ತೀರಿ. ಹತ್ತಿರದ ಸಂಬಂಧದಲ್ಲೇ ಪದೇ ಪದೇ ಕೂಡಿಸಿದರೂ ಕಷ್ಟ: ಮೊಟ್ಟೆ ಕಡಿಮೆ, ಅಂಗವಿಕಲ ಮರಿ ಹೆಚ್ಚು.

ನನಗೆ ಅತಿ ಮುಖ್ಯ ಅನಿಸುವುದು ಆಯ್ಕೆಯಾಗದೆ ಉಳಿದ ಮೀನುಗಳ ಪಾಡು. ಎಷ್ಟು ಮರಿ ಬೇಕೆಂದು ಮೊದಲೇ ಲೆಕ್ಕ ಹಾಕಿ, ಅಷ್ಟೇ ಜೋಡಿಗಳನ್ನು ಕೂಡಿಸಬೇಕು. ಕೊಲ್ಲಲೇಬೇಕಾದರೆ ಅರಿವಳಿಕೆಯ ಹೆಚ್ಚಿನ ಪ್ರಮಾಣದಲ್ಲಿ, ನರಳದಂತೆ. ನೀರಿನಿಂದ ಎತ್ತಿ ಹಾಗೇ ಬಿಡುವಂತಿಲ್ಲ.