ಪ್ರತಿ ಸಾಲಿಗೂ ‘ಅಕಾರ್ಡಿಂಗ್ ಟು ಸೈಂಟಿಸ್ಟ್ಸ್’

ದಾವಣಗೆರೆಯಲ್ಲಿ ಪಿಜಿಯಲ್ಲಿದ್ದುಕೊಂಡು ಎಂಎಸ್ಸಿ ಪ್ರಾಣಿಶಾಸ್ತ್ರ ಓದುವ ಹುಡುಗಿ. ಗ್ರೇಸಿ ಎಂದಿಟ್ಟುಕೊಳ್ಳೋಣ. ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆಯಿದೆ. ನಿದ್ದೆ ಬರಲ್ಲ, ಓದಿದ್ದು ತಲೆಗೆ ಹತ್ತಲ್ಲ ಎಂದು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದಳು. ಮದುವೆ ಒತ್ತಡ, ದುಡ್ಡಿನ ತಾಪತ್ರಯ ಏನೂ ಇರಲಿಲ್ಲ. ಎರಡನೇ ಸಲ ಬಂದಾಗ ಇಂಟರ್ನಲ್ಸ್ ಉತ್ತರ ಪತ್ರಿಕೆ ತೆಗೆದು ಮೇಜಿನ ಮೇಲಿಟ್ಟಳು.

ವಿಕಾಸವಾದದ ಪ್ರಶ್ನೆ. ಉತ್ತರ ಸರಿಯಾಗೇ ಇತ್ತು. ಆದರೆ ಪ್ರತಿ ವಾಕ್ಯ ಶುರುವಾಗುವುದೇ ‘ಅಕಾರ್ಡಿಂಗ್ ಟು ಸೈಂಟಿಸ್ಟ್ಸ್’ ಎಂದು. ಲೆಕ್ಚರರ್ ಅಷ್ಟಕ್ಕೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು.

“ಹಾಗೆ ಬರೆದ್ರೆ ನಾನೇ ಹೇಳಿದ ಹಾಗಾಗಲ್ಲ ಅಲ್ವಾ ಮೇಡಂ?”

ಅವಳಪ್ಪ ಊರಿನ ಚರ್ಚಿನಲ್ಲಿ ಸಭಾ ಹಿರಿಯರು. ಯೂತ್ ಮೀಟಿಂಗಿನಲ್ಲಿ ಇವಳು ಒಮ್ಮೆ, ದೇವರು ಲೋಕವನ್ನು ಸೃಷ್ಟಿಸಿದನೆಂದು ಬೈಬಲ್ಲಿನ ಆದಿಕಾಂಡ ಹೇಳುವ ಆರು ದಿನಗಳ ಬಗ್ಗೆ ಕೇಳಿದ್ದಕ್ಕೆ, ಇಂಥ ಸಂಶಯ ಸೈತಾನನದು, ಪ್ರಾರ್ಥನೆ ಮಾಡು ಎಂದರಂತೆ. ಆಮೇಲೆ ಕೇಳುವುದನ್ನೇ ಬಿಟ್ಟಳು. ಭಾನುವಾರ ಚರ್ಚಿಗೆ ಹೋದೆ ಎಂದು ಮನೆಗೆ ಫೋನ್ ಮಾಡುವುದು, ರೂಮಿನಲ್ಲೇ ಕೂರುವುದು. ಇತ್ತ ಕ್ಲಾಸಿನವರದು, ಸೈನ್ಸ್ ಓದ್ತಾ ಇನ್ನೂ ಇದನ್ನೆಲ್ಲ ನಂಬ್ತೀಯಾ ಎಂಬ ಮಾತು. “ಎರಡು ಕಡೇನೂ ನಾನು ಕಳ್ಳಿ ಮೇಡಂ” ಎಂದಳು.

ಅವಳ ಸಂಶಯವನ್ನು ನಾನು ಕಾಯಿಲೆ ಎಂದುಕೊಳ್ಳಲಿಲ್ಲ. ಅದನ್ನು ಎಲ್ಲರಿಂದ ಮುಚ್ಚಿಡುವುದರಲ್ಲೇ ಅವಳು ಸೋತು ಹೋಗಿದ್ದಳು.

ನಾನು ಕ್ರೈಸ್ತಳಲ್ಲ. ಆ ಆರು ದಿನಗಳ ಅರ್ಥ ಹೇಳುವುದು ನನ್ನ ಕೆಲಸವೂ ಅಲ್ಲ. ಹಾಗಂತ ‘ಜಾಸ್ತಿ ಯೋಚನೆ ಮಾಡ್ಬೇಡ’ ಎಂದು ಕಳಿಸಿದರೆ ಅವಳ ಬುದ್ಧಿಗೆ ಅವಮಾನ ಮಾಡಿದಂತೆ. ಅವಳದು ನಿಜವಾದ ಪ್ರಶ್ನೆ, ಅವಳ ಧರ್ಮದೊಳಗೇ ಬಹಳ ಹಳೆಯದು. ಡಾರ್ವಿನ್‌ಗಿಂತ ಸುಮಾರು 1,400 ವರ್ಷ ಮೊದಲೇ ಕ್ರೈಸ್ತ ಚಿಂತಕ ಸಂತ ಅಗಸ್ಟೀನ್ (ಕ್ರಿ.ಶ. 354–430) ಆ ದಿನಗಳು ನಮ್ಮ ಮಾಮೂಲಿ ದಿನಗಳಲ್ಲ ಎಂದು ವಾದಿಸಿದ್ದರು. ಆಕಾಶ, ನಕ್ಷತ್ರಗಳ ವಿಷಯದಲ್ಲಿ ತಿಳಿಯದೆ ಮಾತಾಡಿ ಅದನ್ನು ಬೈಬಲ್ ತಲೆಗೆ ಕಟ್ಟಿದರೆ, ತಿಳಿದವರು ಬೈಬಲ್ಲನ್ನೇ ನಂಬುವುದಿಲ್ಲ ಎಂದು ತಮ್ಮವರಿಗೇ ಎಚ್ಚರಿಸಿದ್ದರು. ಇನ್ನು ವಿಕಾಸವನ್ನು ಬಿಟ್ಟರೆ ಜೀವವಿಜ್ಞಾನದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂಬ ಮಾತು ಅವಳ ಪಠ್ಯದಲ್ಲೇ ಇತ್ತು. 1973ರಲ್ಲಿ ಒಂದು ಲೇಖನದಲ್ಲಿ ಅದನ್ನು ಬರೆದ ಜೀವವಿಜ್ಞಾನಿ ಥಿಯೋಡೋಸಿಯಸ್ ಡಾಬ್‌ಝಾನ್ಸ್ಕಿ ಆರ್ಥೊಡಾಕ್ಸ್ ಪಂಗಡದ ಕ್ರೈಸ್ತರು. ತಾವು ಸೃಷ್ಟಿಯನ್ನೂ ವಿಕಾಸವನ್ನೂ ಒಪ್ಪುವವರು ಎಂದು ಅದೇ ಲೇಖನದಲ್ಲಿ ಹೇಳಿಕೊಂಡಿದ್ದಾರೆ. ಇದು ಗ್ರೇಸಿಗೆ ಗೊತ್ತೇ ಇರಲಿಲ್ಲ.

ಇವರ ಹೆಸರು ಹೇಳಿದ ಮಾತ್ರಕ್ಕೆ ಪ್ರಶ್ನೆ ಬಗೆಹರಿಯುವುದಿಲ್ಲ. ಒಪ್ಪದ ಕ್ರೈಸ್ತರೂ ಬೇಕಾದಷ್ಟು ಜನ ಇದ್ದಾರೆ, ಅವಳಪ್ಪನೂ ಸೇರಿ. ಆದರೆ ಇಂಥದ್ದನ್ನು ಕೇಳಿದ ಪಾಪಿ ತಾನೊಬ್ಬಳೇ ಎನ್ನುವ ಭಯ ಹೋಗಬೇಕಿತ್ತು.

ಪರೀಕ್ಷೆ ಮುಗಿಯುವ ತನಕ ‘ನಂಬ್ತೀನೋ ಇಲ್ವೋ’ ಎಂಬ ತೀರ್ಮಾನ ಬೇಡ ಎಂದೆ. ಉತ್ತರ ಪತ್ರಿಕೆ ನಿನ್ನ ನಂಬಿಕೆಗೆ ಸಾಕ್ಷಿ ಹೇಳುವ ಜಾಗ ಅಲ್ಲ ಕಣಮ್ಮ, ಅಲ್ಲಿ ಕೇಳುವುದು ಪುರಾವೆ ಏನಿದೆ ಎಂದಷ್ಟೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ದೇವರಿಗೆ ದ್ರೋಹ ಹೇಗಾಗುತ್ತೆ? ಸಂಶಯಪಟ್ಟವರು ಬೈಬಲ್ಲಿನಲ್ಲಿ ಯಾರಾದರೂ ಇದ್ದಾರಾ ಹುಡುಕು ಎಂದೂ ಹೇಳಿದೆ. ಮಾರ್ಕನ 9ನೇ ಅಧ್ಯಾಯ ಹಿಡಿದು ಬಂದಳು. ಕಾಯಿಲೆಯ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಎಂದು ಯೇಸುವಿಗೆ ಮೊರೆಯಿಡುತ್ತಾನೆ. ಅಷ್ಟಕ್ಕೆ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಹುಡುಗ ವಾಸಿಯಾದ.

ಕಷ್ಟದ ಮಾತು ಅಪ್ಪನ ಹತ್ತಿರ ಆಡುವುದಿತ್ತು. ಡಾರ್ವಿನ್‌ನಿಂದ ಶುರು ಮಾಡಬೇಡ, ಭಾನುವಾರದ ಸುಳ್ಳಿನಿಂದ ಶುರು ಮಾಡು ಎಂದೆ. ಥಿಯಾಲಜಿ ಓದಿದ ಪಾಸ್ಟರ್ ಒಬ್ಬರನ್ನು ಹುಡುಕಿಕೊಳ್ಳಲೂ ಹೇಳಿದೆ. ಅಂಥವರಿಗೆ ಇವು ಹೊಸ ಪ್ರಶ್ನೆಗಳಲ್ಲ.

ಅಪ್ಪ ಕೆಲವು ದಿನ ಮಾತು ಬಿಟ್ಟರು. ಆಮೇಲೆ ಅವರೇ ಫೋನ್ ಮಾಡಿದರು: “ಕಾಲೇಜಲ್ಲಿ ಕಲಿಸಿದಂಗೆ ಬರಿ. ನನ್ ಹತ್ರ ಮಾತ್ರ ಸುಳ್ಳು ಹೇಳ್ಬೇಡ.” ವಿಕಾಸವಾದವನ್ನು ಅವರು ಈಗಲೂ ಒಪ್ಪುವುದಿಲ್ಲ. ಗ್ರೇಸಿಗೆ ನಿದ್ದೆ ಬರುತ್ತಿದೆ, ಮನಸ್ಸಾದ ಭಾನುವಾರ ಚರ್ಚಿಗೆ ಹೋಗುತ್ತಾಳೆ. ಯೂತ್ ಮೀಟಿಂಗಿಗೆ ಇನ್ನೂ ಹೋಗುತ್ತಿಲ್ಲ. ಹೋಗು ಎಂದು ನಾನೂ ಒತ್ತಾಯ ಮಾಡಿಲ್ಲ.