ಇನ್ನೊಮ್ಮೆ ದೀಕ್ಷಾಸ್ನಾನ ತಗೊಂಡರೆ ಹೊಸದಾಗಿ ಹುಟ್ಟಿದ ಹಾಗಾಗುತ್ತಾ?

ಮಗುವಾಗಿದ್ದಾಗಲೇ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿದೆ, ಚರ್ಚಿನ ಉಜ್ಜೀವನ ಕೂಟದಲ್ಲಿ ಅತ್ತಿದ್ದೇನೆ, ಆದರೂ ಅದೇ ಪಾಪಕ್ಕೆ ಬೀಳುತ್ತೇನೆ, ನೀರಲ್ಲಿ ಮುಳುಗಿ ಇನ್ನೊಮ್ಮೆ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು ತಗೊಂಡೆ. 25ನೇ ವಯಸ್ಸಿನಲ್ಲಿ, ಕೆರೆಯಲ್ಲಿ. ಮಾರನೇ ದಿನ ಅಂಗಡಿ ಬಾಗಿಲು ತೆಗೆದು ಮತ್ತೆ ಗಲ್ಲಾಪೆಟ್ಟಿಗೆಗೆ ಕೈ ಹಾಕಿದೆ.

ಅಂಗಡಿ ಅಣ್ಣನದು. ಎರಡು ವರ್ಷ ದಿನಾ 100 ರೂಪಾಯಿ, ಕೆಲವು ದಿನ 200 ತೆಗೆಯುತ್ತಿದ್ದೆ.

ಕದ್ದದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಪ್ರತಿ ಭಾನುವಾರ ಆರಾಧನೆಯಲ್ಲಿ ಎಲ್ಲರ ಜೊತೆ ಪಾಪದ ಅರಿಕೆ ಮಾಡುತ್ತಿದ್ದೆ, "ನಾನು ಪಾಪಿ" ಅಂತ. ಸುಮ್ನೆ ಬಾಯಿಮಾತಿಗಲ್ಲ, ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ "ಅಣ್ಣನ ದುಡ್ಡು ಕದ್ದಿದ್ದೇನೆ" ಅನ್ನುವ ಮಾತು ಒಬ್ಬನೇ ಪ್ರಾರ್ಥನೆಗೆ ಕೂತಾಗಲೂ ಬಾಯಿಗೆ ಬರಲಿಲ್ಲ. ಪಾಪಿ ಅನ್ನೋದು ಊರಿಗೆಲ್ಲ ಸೇರಿದ ಹೆಸರು, ಅದರೊಳಗೆ ಎಷ್ಟು ವರ್ಷ ಬೇಕಾದರೂ ಅಡಗಿಕೊಂಡಿರಬಹುದು. ಕಳ್ಳ ಅನ್ನೋದು ನನ್ನೊಬ್ಬನ ಹೆಸರು. ಅದನ್ನು ದೇವರ ಮುಂದೆಯೂ ಮುಚ್ಚಿಟ್ಟು, "ಬಲಹೀನತೆ" ಅಂತ ಕರೆದು, ಬಲ ಕೊಡು ಕರ್ತನೇ ಅಂತ ಬೇಡುತ್ತಿದ್ದೆ. ನೋಡಿ, ಬಲ ಕೇಳಿದೆ. ಕ್ಷಮೆ ಕೇಳಲೇ ಇಲ್ಲ.

ಬೈಬಲಿನ 2 ಸಮುವೇಲ 12 ಓದಿ. ಬಡವನ ಒಂದೇ ಕುರಿಮರಿಯನ್ನು ಸಾಹುಕಾರ ಕಿತ್ತುಕೊಂಡ ಕಥೆ ಕೇಳಿ, ಇನ್ನೊಬ್ಬನ ಹೆಂಡತಿಯನ್ನು ಕಿತ್ತುಕೊಂಡಿದ್ದ ರಾಜ ದಾವೀದನಿಗೆ ಸಿಟ್ಟು ಬರುತ್ತದೆ. ಆ ಮನುಷ್ಯ ನೀನೇ ಅಂತ ಕಥೆ ಹೇಳಿದ ಪ್ರವಾದಿ ನಾತಾನ ಬೆರಳಿಟ್ಟು ತೋರಿಸಿದ ಮೇಲೇ ಅವನು ಒಪ್ಪಿಕೊಂಡದ್ದು. 51ನೇ ಕೀರ್ತನೆಯಲ್ಲಿ ಅವನು ಬೇಡುವುದು ಬಲವನ್ನಲ್ಲ, ಶುದ್ಧವಾದ ಬೇರೆ ಹೃದಯವನ್ನು.

ಕೊನೆಗೆ ಒಂದು ರಾತ್ರಿ ಚೀಟಿಯಲ್ಲಿ ಲೆಕ್ಕ ಬರೆದು ಅಣ್ಣನ ಮುಂದಿಟ್ಟೆ. ಸುಮಾರು 80,000. ಅಣ್ಣ ಮೊತ್ತ ನೋಡಲೇ ಇಲ್ಲ. "ಆ ಹುಡುಗನ್ನ ಕೆಲಸದಿಂದ ತೆಗೆದೆನಲ್ಲೋ" ಅಂದ. ಹೌದು, ಅನುಮಾನ ಅಂಗಡಿ ಹುಡುಗನ ಮೇಲೆ ಬಂದಿತ್ತು. ಅವನು ಟಿಫಿನ್ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಹೋಗುವಾಗ ನಾನು ತಕ್ಕಡಿ ಒರೆಸುತ್ತಾ ನಿಂತಿದ್ದೆ. ನನ್ನ ಪಾಪಕ್ಕೆ ಏನೂ ಮಾಡದವನೊಬ್ಬ ಬೆಲೆ ಕೊಟ್ಟಿದ್ದ. ಶಿಲುಬೆಯ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದು ಅವತ್ತು ಎದೆಗೆ ನಾಟಿತು. ಅವತ್ತು ರಾತ್ರಿ ಮೊದಲ ಸಲ ಕ್ಷಮೆ ಕೇಳಿದೆ.

ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ನೀರಿನದಲ್ಲ. ಯೋಹಾನ 3ರಲ್ಲಿ 'ಹೊಸದಾಗಿ' ಹುಟ್ಟುವುದು ಅಂತ ಇದೆಯಲ್ಲ, ಆ ಗ್ರೀಕ್ ಪದಕ್ಕೆ 'ಮೇಲಿನಿಂದ' ಅನ್ನುವ ಅರ್ಥವೂ ಇದೆ. ಯಾವ ಮಗುವೂ ತನ್ನ ಹೆರಿಗೆ ತಾನೇ ಮಾಡಿಕೊಳ್ಳಲ್ಲ, ಅಲ್ವಾ? ದುಡ್ಡು ತೀರಿಸಿದ್ದಕ್ಕೆ ನನಗೆ ಹೊಸ ಹುಟ್ಟು ಸಿಗಲಿಲ್ಲ. ಯೇಸುಸ್ವಾಮಿ ಸುಂಕ ವಸೂಲಿಗಾರ ಜಕ್ಕಾಯನನ್ನು ಹೆಸರು ಹಿಡಿದು ಕರೆದದ್ದು ಮೊದಲು, ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಅವನು ಹೇಳಿದ್ದು ಆಮೇಲೆ.

ನಿಮ್ಮ ಪಾಪದ ಹೆಸರನ್ನು ಹಾಳೆಯಲ್ಲಿ ಬರೆಯಿರಿ. ಅದರಿಂದ ಯಾರಿಗೆ ಪೆಟ್ಟು ಬಿತ್ತು ಅನ್ನೋದನ್ನೂ. ಅಲ್ಲಿಯವರೆಗೆ ಚರ್ಚಿನ ಅಯ್ಯನವರ ಹತ್ತಿರ ದೀಕ್ಷಾಸ್ನಾನದ ಮಾತೆತ್ತಬೇಡಿ.

ಆ ಹುಡುಗನ ಮನೆಗೆ ಮೂರು ಸಲ ಹೋಗಿದ್ದೇನೆ. ಅವನ ತಾಯಿಯ ಮುಂದೆ ಎಲ್ಲ ಹೇಳಿದೆ. ಅವನು ಒಳಗಿನಿಂದ ಹೊರಗೆ ಬರಲಿಲ್ಲ. ಈ ಶನಿವಾರ ಮತ್ತೆ ಹೋಗುತ್ತೇನೆ.